ಮೂವತ್ತು ಹಲ್ಲಿನ ಮಸುಫ

ಕಣಿವೆಯಲ್ಲಿ ಬೆಟ್ಟದ ಸೈಕಲ್ ಓಡಿಸುವ ಯಾರ ಮನೆಗೆ ಹೋದರೂ ಮಸುಫ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಗೋಡೆಗೆ ಒರಗಿಸಿದ ಸೈಕಲ್ಲಿನ ಚೈನ್‌ವೀಲನ್ನು. ಪೆಡಲಿನ ಬುಡದಲ್ಲಿರುವ ಆ ಚಕ್ರಕ್ಕೆ ಎಷ್ಟು ಹಲ್ಲು ಎಂದು ಕಾರ್ಖಾನೆಯವರೇ ಅದರ ಮೇಲೆ ಸಣ್ಣದಾಗಿ ಒತ್ತಿರುತ್ತಾರೆ. ಅಂಕಿಯ ಮೇಲೆ ಕೆಸರು ಮೆತ್ತಿದ್ದರೆ ಅವನು ಶೂ ದಾರ ಕಟ್ಟಿಕೊಳ್ಳುವವನ ಹಾಗೆ ಬಗ್ಗಿ ಹೆಬ್ಬೆರಳಿನಿಂದ ಒರೆಸುತ್ತಿದ್ದ. ಅಂಕಿ ಸವೆದಿದ್ದರೆ ಹಲ್ಲನ್ನೇ ಎಣಿಸುತ್ತಿದ್ದ. ಮೂವತ್ತಕ್ಕಿಂತ ಕಡಿಮೆ ಇದ್ದರೆ ಆ ಮನೆಯ ಮುದ್ದೆ ಅವನಿಗೆ ರುಚಿಸುತ್ತಿತ್ತು, ಮಕ್ಕಳನ್ನು ಕರೆದು ಮಾತಾಡಿಸುತ್ತಿದ್ದ. ಮೂವತ್ತೇ ಇದ್ದರೆ ಹೊಟ್ಟೆ ತುಂಬಿದೆ ಎಂದು ಬೇಗ ಏಳುತ್ತಿದ್ದ.

ಅವನ ಸೈಕಲ್ಲಿನದು ಮೂವತ್ತು ಹಲ್ಲಿನ ಚೈನ್‌ವೀಲು.

ಅವನು ಕೆಟ್ಟವನಲ್ಲ. ಹಾ ಮೊಖೆಲೆ ಊರಿನ ಮೇಲಿನ ಗುಡ್ಡದಲ್ಲಿ ಮರಳುಗಲ್ಲು ಕಡಿಯುವ ಕೆಲಸ ಅವನದು. ದಾರ ಹಿಡಿದು, ಗೆರೆ ಹಾಕಿ, ಉಳಿ ಇಟ್ಟರೆ ಅವನ ಕಲ್ಲಿನ ಮೂಲೆ ಎಲ್ಲೂ ಸೊಟ್ಟಗಾಗುತ್ತಿರಲಿಲ್ಲ. ಆದರೆ ಪಕ್ಕದವನು ಕಡಿದ ಕಲ್ಲು ತನ್ನದಕ್ಕಿಂತ ಒಳ್ಳೆಯ ಹಳದಿಗೆ ಬಂದರೆ ಅವತ್ತೆಲ್ಲ ಅವನ ಮಾತು ಕಡಿಮೆಯಾಗುತ್ತಿತ್ತು. ಅವನ ಅಪ್ಪ ಗಡಿಯಾಚೆಯ ಚಿನ್ನದ ಗಣಿಗೆ ಹೋದವನು ಅಲ್ಲೇ ತೀರಿಕೊಂಡ. ಮಸುಫ ಬೆಳೆದದ್ದು ಚಿಕ್ಕಪ್ಪನ ಮನೆಯಲ್ಲಿ. ಬಡಿಸುವಾಗ ಪಕ್ಕದ ತಟ್ಟೆಯನ್ನು ನೋಡಿದ ಮೇಲೆ ತನ್ನ ತಟ್ಟೆಯನ್ನು ನೋಡುವುದು ಅಲ್ಲಿ ಬಂದ ಅಭ್ಯಾಸ. ಚಿಕ್ಕಪ್ಪ ಅನ್ಯಾಯ ಮಾಡಿದನೆಂದು ಹೇಳುವ ಹಾಗಿಲ್ಲ. ಮೊದಲು ತನ್ನ ಮಕ್ಕಳಿಗೆ ಬಡಿಸುತ್ತಿದ್ದ, ಅಷ್ಟೇ.

ಬೆಟ್ಟದ ಸೈಕಲ್ ಆ ಕಣಿವೆಗೆ ಬಂದದ್ದು ಆವುಸಿ ಮೊತ್ಸೆಲಿಸಿಯಿಂದ. ಆವುಸಿ ಎಂದರೆ ಅಕ್ಕ. ಅವಳಿಗಿಂತ ದೊಡ್ಡವರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ರಾಜಧಾನಿ ಮಸೇರುವಿನಲ್ಲಿ ಕೆಲವು ವರ್ಷ ಸೈಕಲ್ ಅಂಗಡಿಯೊಂದರಲ್ಲಿ ದುಡಿದು ಬಂದವಳು ಊರಿನ ಹಳೆಯ ಉಣ್ಣೆ ಗೋದಾಮಿನಲ್ಲಿ ಶೆಡ್ ಹಾಕಿದ್ದಳು. ಹೊರಗಿನವರು ಓಡಿಸಿ ಬಿಟ್ಟ ಸೈಕಲ್‌ಗಳನ್ನು ತರಿಸಿ, ಬಿಚ್ಚಿ, ಒಂದರ ಕೈಕಾಲನ್ನು ಇನ್ನೊಂದಕ್ಕೆ ಜೋಡಿಸಿ ಕೊಡುತ್ತಿದ್ದಳು. ಹಿಂದಿನ ಕಾಲದ ಸೈಕಲ್ಲಿಗೆ ಮುಂದೆ ಎರಡು ಮೂರು ಚೈನ್‌ವೀಲು ಇರುತ್ತಿದ್ದವು. ಈಗಿನದಕ್ಕೆ ಒಂದೇ. ಏರಿಗೂ ಅದೇ, ಇಳಿಜಾರಿಗೂ ಅದೇ. ಹಿಂದಿನ ಗಾಲಿಯ ಫ್ರೀವೀಲಿನಲ್ಲಿ ಎಷ್ಟೇ ಹಲ್ಲಿನ ಚಕ್ರಗಳಿದ್ದರೂ ಮುಂದಿನದು ಯಾವುದೆಂದು ಮನೆ ಬಿಡುವ ಮೊದಲೇ ತೀರ್ಮಾನವಾಗಬೇಕು. ಹಲ್ಲು ಹೆಚ್ಚಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಹೆಚ್ಚು ದೂರ ಹೋಗುತ್ತದೆ, ಆದರೆ ಏರಿನಲ್ಲಿ ಆ ಒಂದು ಸುತ್ತು ತುಳಿಯುವುದೇ ಕಷ್ಟ.

ಯಾರಿಗೆ ಎಷ್ಟು ಹಲ್ಲಿನದು ಎನ್ನುವುದನ್ನು ಮೊತ್ಸೆಲಿಸಿ ತೀರ್ಮಾನಿಸುತ್ತಿದ್ದುದು ಹೀಗೆ. ಸವಾರನನ್ನು ಘಾಟಿಯ ಅತಿ ಕಡಿದಾದ ಭಾಗಕ್ಕೆ ಕಳಿಸುತ್ತಿದ್ದಳು. ತಾನು ಮೇಲೆ ಬಂಡೆಯ ಮೇಲೆ ಕೂತು ಕಿವಿ ಕೊಡುತ್ತಿದ್ದಳು. ಆ ದಾರಿಯಲ್ಲಿ ಕುರಿ ಕಾಯುವವರು, ಕತ್ತೆಯ ಮೇಲೆ ಹಿಟ್ಟು ಹೇರಿಕೊಂಡು ಬರುವವರು ಯಾರಾದರೂ ಇದ್ದೇ ಇರುತ್ತಾರೆ. ಎದುರು ಸಿಕ್ಕವರಿಗೆ ದುಮೆಲಾ ಎಂದು ನಮಸ್ಕಾರ ಹೇಳದೆ, ಹೇಗೆ ಎದ್ದಿರಿ ಎಂದು ಕೇಳದೆ, ಅವರು ಕೇಳಿದ್ದಕ್ಕೆ ಉತ್ತರ ಕೊಡದೆ ಮುಂದೆ ಹೋಗುವವನನ್ನು ನಮ್ಮಲ್ಲಿ ಯಾರೂ ಮನುಷ್ಯರ ಲೆಕ್ಕಕ್ಕೆ ಇಡುವುದಿಲ್ಲ. ಹಾಗಾಗಿ ಸವಾರ ಏರಿನಲ್ಲಿ ಅಷ್ಟನ್ನೂ ಬಿಡಿಬಿಡಿಯಾಗಿ ಹೇಳಿ ಮುಗಿಸಿದರೆ ಆ ಚೈನ್‌ವೀಲು ಅವನದು. ಮಾತು ನಡುವೆ ತುಂಡಾದರೆ ಎರಡು ಹಲ್ಲು ಕಡಿಮೆ ಮಾಡುತ್ತಿದ್ದಳು.

ಅವಳಿಗೆ ಅದು ಉಸಿರಿನ ಲೆಕ್ಕ, ಬೇರೇನಲ್ಲ. ಕಣಿವೆಯವರು ಮಾತ್ರ ಅದನ್ನು ಮನುಷ್ಯನ ಲೆಕ್ಕ ಮಾಡಿಕೊಂಡರು. ಇವನು ಇಪ್ಪತ್ತೆಂಟರವನು, ಅವನು ಇಪ್ಪತ್ತಾರರವನು ಎಂದು ಹೆಸರಿನ ಹಿಂದೆ ಸೇರಿಸಿ ಕರೆಯತೊಡಗಿದರು. ಮಸುಫನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಬಹಳ ಕಾಲ ಕಣಿವೆಯಲ್ಲಿ ಮೂವತ್ತನ್ನು ದಾಟಿದವರು ಯಾರೂ ಇರಲಿಲ್ಲ.

ಆಮೇಲೆ ಸೆಲ್ಲೊ ಬಂದ. ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವ, ಇಪ್ಪತ್ತು ದಾಟಿದ, ಅಜ್ಜಿಯ ಜೊತೆ ಇರುವ ತೆಳ್ಳನೆಯ ಯುವಕ. ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು. ಶೆಡ್ಡಿನ ಮೂಲೆಯಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಸಣ್ಣ ಗಾಲಿಯ ಹಳೆಯ ಸೈಕಲ್ಲನ್ನು ಮೊತ್ಸೆಲಿಸಿ ಅವನಿಗೆ ಕಟ್ಟಿಕೊಟ್ಟಳು. ಅವನು ಘಾಟಿ ಹತ್ತುತ್ತ ದುಮೆಲಾ ಹೇಳಿದ, ಹೇಗೆ ಎದ್ದಿರಿ ಎಂದ, ಕುರಿಗಳು ಎಲ್ಲಿ ಮೇಯುತ್ತಿವೆ ಎಂದೂ ಕೇಳಿದ. ಮೊತ್ಸೆಲಿಸಿ ಅವನಿಗೆ ಮೂವತ್ತನಾಲ್ಕು ಹಲ್ಲಿನದು ಹಾಕಿದಳು.

ಆ ದಿನ ಮಸುಫ ಶೆಡ್ಡಿನಲ್ಲೇ ಇದ್ದ. ಬಗ್ಗಿ, ಹೆಬ್ಬೆರಳಿನಿಂದ ಒರೆಸಿ ನೋಡಿದ. ಹೊಸ ಚಕ್ರದ ಮೇಲೆ ಒರೆಸುವಂಥದ್ದೇನೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಅವನ ಮಾವನ ವಿಷಯ.

ಮಾವನ ಹೆಸರು ಖೆತ್ಸಿ. ಊರೆಲ್ಲ ಅವರನ್ನು ನ್ತಾತೆ ಖೆತ್ಸಿ ಎನ್ನುತ್ತಿತ್ತು, ಅಪ್ಪ ಎನ್ನುವ ಗೌರವದಿಂದ. ಪ್ರಾಯದಲ್ಲಿ ಕುದುರೆ ಪಂದ್ಯಗಳಲ್ಲಿ ಹೆಸರು ಮಾಡಿದವರು. ಈಗ ಮುದಿ ಕುದುರೆಯೊಂದನ್ನು ಇಟ್ಟುಕೊಂಡು, ಕಂಬಳಿ ಹೊದ್ದು, ಘಾಟಿಯ ಕತ್ತಾಳೆ ತಿರುವಿನಲ್ಲಿ ನಿಲ್ಲುತ್ತಿದ್ದರು. ಮೇಯುವ ಕುರಿಗಳೂ, ದಾರಿಯಲ್ಲಿ ಹೋಗುವ ಜನರೂ ಅಲ್ಲಿಂದ ಒಟ್ಟಿಗೆ ಕಾಣುತ್ತಿದ್ದರು. ಮಸುಫ ಅಭ್ಯಾಸಕ್ಕೆಂದು ಏರಿ ಬಂದಾಗೆಲ್ಲ ಅವರು ಕೋಲನ್ನು ಎತ್ತುತ್ತಿದ್ದರು. ಅವನು ದುಮೆಲಾ ನ್ತಾತೆ ಎನ್ನುತ್ತಿದ್ದ. ಅವರು, ದುಮೆಲಾ ಮಗನೇ, ಹೇಗೆ ಎದ್ದೆ ಎನ್ನುತ್ತಿದ್ದರು. ಮದುವೆಯಾದ ಮೊದಲ ವರ್ಷದಿಂದಲೂ ಮಗನೇ ಎಂದೇ. ಚಿಕ್ಕಪ್ಪನ ಮನೆಯಲ್ಲಿ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಆ ಒಂದು ಮಾತು ಬೆನ್ನಿಗೆ ಬಿದ್ದರೆ ಉಳಿದ ಏರು ಮಸುಫನಿಗೆ ಗೊತ್ತೇ ಆಗುತ್ತಿರಲಿಲ್ಲ.

ಪ್ರತಿ ಸೆಪ್ಟೆಂಬರಿನಲ್ಲಿ, ಚಳಿ ಕಳೆದು ಪೀಚ್ ಮರಗಳು ಹೂ ಬಿಟ್ಟಾಗ ಊರ ಮುಖ್ಯಸ್ಥರ ಅಂಗಳದಿಂದ ಘಾಟಿಯ ತುದಿಯವರೆಗೆ ಸೈಕಲ್ ಪಂದ್ಯ. ಗೆದ್ದವನ ಹೆಗಲಿಗೆ ಮುಖ್ಯಸ್ಥರೇ ಹೊಸ ಕಂಬಳಿ ಹೊದಿಸುತ್ತಾರೆ. ಮಸುಫನ ಮನೆಯಲ್ಲಿ ಅಂಥವು ಎರಡಿದ್ದವು. ಆ ಸಲದ್ದು ಸೆಲ್ಲೊನ ಹೆಗಲಿಗೆ ಹೋಯಿತು, ಮಸುಫ ಎರಡನೆಯವನಾದ. ಮರುದಿನ ಭಾನುವಾರ ಮಾವ ಊಟಕ್ಕೆ ಬಂದರು. ಮಸುಫನ ಹೆಂಡತಿ ಮಾತುಮೆಲೊ, ಅಂದರೆ ಮಗಳು ತುಮೆಲೊಳ ತಾಯಿ, ಕೋಳಿ ಮಾಡಿದ್ದಳು. ಮುದುಕರು ಕೋಳಿಯ ಕಾಲನ್ನು ಚೀಪುತ್ತ ಅಳಿಯನ ಪಂದ್ಯದ ಬಗ್ಗೆ ಒಂದು ಮಾತೂ ಆಡದೆ ಸೆಲ್ಲೊನ ವಿಷಯ ತೆಗೆದರು. ಅಷ್ಟು ಜೋರಾಗಿ ಹೋಗುವಾಗಲೂ ಆ ಹುಡುಗ ತಮ್ಮ ಮಂಡಿನೋವು ಹೇಗಿದೆಯೆಂದು ಕೇಳಿ ಹೋದನಂತೆ.

"ಮೂವತ್ತನಾಲ್ಕು ಹಲ್ಲಂತಲ್ಲ ಅವನದು. ಒಳ್ಳೇ ಕುದುರೆ ಇದ್ದ ಹಾಗೆ ಇದಾನೆ," ಎಂದರು.

ಆವರೆಗೆ ಕಣಿವೆಯಲ್ಲಿ ಅವರು ಕುದುರೆಗೆ ಹೋಲಿಸಿ ಹೊಗಳಿದ್ದು ಅಳಿಯನೊಬ್ಬನನ್ನೇ. ಮಸುಫ ಸೊಪ್ಪಿನ ಪಲ್ಯವನ್ನು ಮುದ್ದೆಗೆ ಒತ್ತಿಕೊಂಡು ತಿನ್ನುತ್ತಲೇ ಇದ್ದ. ಮಾತುಮೆಲೊ ಅವನ ಮುಖ ನೋಡಿ ಅಪ್ಪನಿಗೆ ಇನ್ನಷ್ಟು ಸಾರು ಬಡಿಸಿದಳು.

ಅಲ್ಲಿಂದ ಆ ಮಾತು ಅವನ ಬೆನ್ನು ಬಿಡಲಿಲ್ಲ. ಗಿರಣಿಗೆ ಮೆಕ್ಕೆಜೋಳ ಒಯ್ಯುವ ಕೆಲಸ ಅವನದಾಗಿತ್ತು. ಅದನ್ನು ಹೆಂಡತಿಗೆ ಬಿಟ್ಟ. ಅವಳು ಹೋಗಿ ಬಂದು, ಸೆಲ್ಲೊ ಮೂಟೆಯನ್ನು ತಾನೇ ಕತ್ತೆಯ ಮೇಲೆ ಹೇರಿಕೊಟ್ಟನೆಂದು ಹೇಳಿದ ಮೇಲೆ ಮತ್ತೆ ತಾನೇ ಹೋಗತೊಡಗಿದ. ಕಲ್ಲು ಕಡಿಯುವಾಗ ಮೂವತ್ತನಾಲ್ಕು ಏಟಿಗೆ ಒಂದು ಸಲ ನಿಲ್ಲಿಸುತ್ತಿದ್ದ. ಬೇಕೆಂದು ಮಾಡುತ್ತಿದ್ದುದಲ್ಲ, ಮನಸ್ಸು ತಾನಾಗಿ ಎಣಿಸುತ್ತಿತ್ತು.

ಜೂನಿನಲ್ಲಿ ಚಳಿಗಾಲ ಶುರುವಾದಾಗ ಮೊತ್ಸೆಲಿಸಿಯ ಹತ್ತಿರ ಹೋಗಿ ತನಗೂ ಮೂವತ್ತನಾಲ್ಕು ಹಾಕಿಕೊಡೆಂದು ಕೇಳಿದ. ಅವಳು ಗಾಲಿಯ ಕಡ್ಡಿ ಬಿಗಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾಕೆ?"

"ಕಾಲಲ್ಲಿ ಶಕ್ತಿ ಇದೆ, ಅದಕ್ಕೆ."

"ಕಾಲಲ್ಲಿ ಇದ್ದರೆ ಆಯ್ತಾ, ಎದೇಲಿ ಬೇಡವಾ? ನಿನಗೆ ಮೂವತ್ತೇ ಸರಿ ಅಬುತಿ. ಹೋಗು, ಕಲ್ಲು ಕಡಿ."

ಅಬುತಿ ಎಂದರೆ ಅಣ್ಣ. ಅವಳು ಗೌರವ ಕೊಟ್ಟೇ ಹೇಳಿದ್ದಳು. ಅವನಿಗೆ ಮಾತ್ರ ಆ ಗೌರವದ ಒಳಗೆ ತನ್ನ ವಯಸ್ಸು ಕೇಳಿಸಿತು. ಮುಂದಿನ ವಾರ ಮಸೇರುವಿಗೆ ಹೋಗಿ, ಹಳೆಯ ಸಾಮಾನು ಮಾರುವವನೊಬ್ಬನ ಹತ್ತಿರ ಹುಡುಕಿ, ಮೂವತ್ತನಾಲ್ಕು ಹಲ್ಲಿನದನ್ನು ತಂದ. ಕೆಲಸ ಗೊತ್ತಿಲ್ಲದೆ ಮಾಡಿದನೆಂದು ಯಾರೂ ಹೇಳುವಂತಿಲ್ಲ. ಚಕ್ರ ದೊಡ್ಡದಾದರೆ ಚೈನು ಗಿಡ್ಡವಾಗುತ್ತದೆಂದು ತಿಳಿದು ಕೊಂಡಿಗಳನ್ನು ಸೇರಿಸಿದ. ಹಲ್ಲು ಸೈಕಲ್ಲಿನ ಚೌಕಟ್ಟಿಗೆ ತಾಗುವುದಿಲ್ಲವೆಂದು ಕಾಗದ ತೂರಿಸಿ ನೋಡಿದ. ಆಮೇಲೆ ಸೈಕಲ್ಲನ್ನು ಬಾಗಿಲ ಮುಂದೆ, ದಾರಿಯಲ್ಲಿ ಹೋಗುವವರಿಗೆ ಚೈನ್‌ವೀಲು ಕಾಣುವ ಹಾಗೆ ನಿಲ್ಲಿಸಿದ.

"ಗೋಡೆ ಕಡೆ ತಿರುಗಿಸಿಡಿ. ಕೋಳಿಗಳು ಹೆದರ್ತಾವೆ," ಎಂದಳು ಮಾತುಮೆಲೊ.

ಸಮತಟ್ಟಿನಲ್ಲಿ ಹೊಸ ಚಕ್ರ ಸೊಗಸಾಗಿ ಓಡಿತು. ಇಳಿಜಾರಿನಲ್ಲಿ ಇನ್ನೂ ಸೊಗಸು. ಒಂದು ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಬಿಳಿಯಾಗಿ ಕೂತಿರುವಾಗಲೇ ಅವನು ಘಾಟಿಗೆ ಹೊರಟ. ಮೊದಲ ತಿರುವು ದಾಟುವಷ್ಟರಲ್ಲೇ ಹಿಂದಿನ ಫ್ರೀವೀಲಿನ ಕೊನೆಯ, ತುಳಿಯಲು ಎಲ್ಲಕ್ಕಿಂತ ಹಗುರದ ಚಕ್ರಕ್ಕೆ ಚೈನು ಬಂದಾಗಿತ್ತು. ಅದರಾಚೆ ಏನೂ ಉಳಿದಿರಲಿಲ್ಲ. ಎರಡನೆಯ ತಿರುವಿನಲ್ಲಿ ಅವನು ಸೀಟು ಬಿಟ್ಟು ಎದ್ದು ನಿಂತು, ದೇಹದ ಭಾರವನ್ನೆಲ್ಲ ಒಂದು ಪೆಡಲಿನಿಂದ ಇನ್ನೊಂದಕ್ಕೆ ಹಾಕುತ್ತ ಹೋದ. ನಿಲ್ಲಿಸಿದರೆ ಆ ಕಡಿದಾದ ಏರಿನಲ್ಲಿ ಮತ್ತೆ ಹೊರಡಲಾಗುವುದಿಲ್ಲವೆಂದು ಗೊತ್ತಿತ್ತು. ಎದೆಯೊಳಗೆ ಯಾರೋ ಉಳಿ ಹೊಡೆಯುತ್ತಿರುವ ಹಾಗಿತ್ತು.

ಕತ್ತಾಳೆ ತಿರುವಿನಲ್ಲಿ ಮಾವ ನಿಂತಿದ್ದರು. ಕುರಿ ಕಾಯುವ ಇಬ್ಬರು ಅವರ ಜೊತೆಗಿದ್ದರು. ಮಾವ ಕೋಲೆತ್ತಿ, ಈ ಸಲ ತಾವೇ ಮೊದಲು ಹೇಳಿದರು.

"ದುಮೆಲಾ ಮಗನೇ. ಹೇಗೆ ಎದ್ದೆ?"

ಮಸುಫ ಬಾಯಿ ತೆರೆದ. ಗಾಳಿ ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ. ತಲೆಯನ್ನಾದರೂ ಆಡಿಸಿದೆನೆಂದು ಅವನು ಅಂದುಕೊಂಡ. ನೋಡಿದವರಿಗೆ ಹೆಲ್ಮೆಟ್ಟು ಅಲ್ಲಾಡಿದ್ದು ಕಾಣಲಿಲ್ಲ. ಅವನು ಮುಂದಿನ ಗಾಲಿಯನ್ನೇ ನೋಡುತ್ತ ಮಾವನ ಪಕ್ಕದಲ್ಲೇ ಹಾದುಹೋದ. ಎತ್ತಿದ ಕೋಲು ಸ್ವಲ್ಪ ಹೊತ್ತು ಹಾಗೆಯೇ ಇತ್ತೆಂದು ಆಮೇಲೆ ಕುರಿ ಕಾಯುವವರು ಹೇಳಿದರು.

ಅವರು ಅದನ್ನು ಬರೀ ಒಂದು ಮನೆಯಲ್ಲಿ ಹೇಳಲಿಲ್ಲ. ಸಂಜೆಯ ಹೊತ್ತಿಗೆ ಕಣಿವೆಯ ಈ ತುದಿಯಿಂದ ಆ ತುದಿಯವರೆಗೆ, ಮಸುಫನು ಹೆಣ್ಣು ಕೊಟ್ಟ ಮಾವನ ನಮಸ್ಕಾರವನ್ನು ದಾರಿಯಲ್ಲೇ ಬಿಟ್ಟು ಹೋದನೆಂದು ಸುದ್ದಿಯಾಯಿತು. ಕಲ್ಲುಗಣಿಯಲ್ಲಿ ಒಬ್ಬ, ಹಲ್ಲು ಹೆಚ್ಚಾದವನಿಗೆ ಬಾಯಿ ಮುಚ್ಚಿಹೋಗುತ್ತದೆ ಎಂದು ಅವನಿಗೆ ಕೇಳುವಂತೆಯೇ ಇನ್ನೊಬ್ಬನಿಗೆ ಹೇಳಿದ.

ಭಾನುವಾರ ಮಾವ ಊಟಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮಾತುಮೆಲೊ ಕೂಗಾಡಲಿಲ್ಲ. ಅಪ್ಪನಿಗೆಂದು ಎತ್ತಿಟ್ಟ ಕೋಳಿಯ ಕಾಲನ್ನು ತಂದು ಗಂಡನ ತಟ್ಟೆಗೆ ಹಾಕಿ, ತಿನ್ನಿ, ಇನ್ಯಾರೂ ತಿನ್ನೋರಿಲ್ಲ ಎಂದಳು. ಅವನು ಮಾವನ ಮನೆಗೆ ಹೋಗಿ ಹೇಳಿಬರುತ್ತೇನೆಂದಾಗ ಅವಳು ಬೇಡವೆಂದಳು.

"ತುಮೆಲೊ ಅಪ್ಪ, ನೀವು ನಾಲ್ಕು ಗೋಡೆ ಒಳಗೆ ತಪ್ಪಾಯ್ತು ಅಂದ್ರೆ ಅಪ್ಪ ಹೂಂ ಅಂತಾರೆ, ಅಷ್ಟೇ. ಆದದ್ದು ಜನರ ಮುಂದೆ."

ಆದರೂ ಅವನು ಹೋಗಿ ಬಂದ. ಅವಳು ಹೇಳಿದಂತೆಯೇ ಆಯಿತು. ಮುದುಕರು ಕೂರಲು ಹೇಳಿದರು, ಮೊಮ್ಮಗಳ ಬಗ್ಗೆ ಕೇಳಿದರು, ಹೂಂ ಎಂದರು. ಮಗನೇ ಎನ್ನಲಿಲ್ಲ. ಹೊರಗೆ ಬಂದು ನೋಡಿದರೆ ಲಾಯದ ಹತ್ತಿರ ಸೆಲ್ಲೊ ಮಾವನ ಕುದುರೆಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನಲ್ಲಿ ಸಿಕ್ಕಿದ್ದ ಕಲ್ಲು ತೆಗೆಯುತ್ತಿದ್ದ. ಹುಬ್ಬಿನಲ್ಲಿ ಅದೇ ಹಿಟ್ಟು.

"ದುಮೆಲಾ ಅಬುತಿ ಮಸುಫ," ಎಂದ ಸೆಲ್ಲೊ. "ನೀವೂ ಮೂವತ್ತನಾಲ್ಕು ಹಾಕಿದ್ದೀರಂತೆ. ಒಳ್ಳೇದಾಯ್ತು, ನಾನೊಬ್ಬನೇ ಇದ್ದೆ."

ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಎಂದು ಮಸುಫ ಮನೆಯವರೆಗೂ ಯೋಚಿಸಿದ. ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವನಿಗೆ ಬಗೆಹರಿಯದ್ದು ಒಂದೇ. ಅದೇ ಏರು, ಅಷ್ಟೇ ಹಲ್ಲು. ತಾನು ಕಲ್ಲು ಎತ್ತುವವನು, ಅವನು ಹಿಟ್ಟಿನ ಮೂಟೆ ಎತ್ತುವವನು. ಅವನಿಗೆ ಮಂಡಿನೋವು ವಿಚಾರಿಸುವಷ್ಟು ಉಸಿರು, ತನಗೆ ಒಂದು ದುಮೆಲಾಕ್ಕೂ ಇಲ್ಲ. ಹಿಂದಿನ ಫ್ರೀವೀಲಿನಲ್ಲೇನಾದರೂ ಮೋಸವಿದೆಯೆಂದು ಅನುಮಾನ ಹುಟ್ಟಿ ಶೆಡ್ಡಿಗೆ ಹೋದ. ಸೆಲ್ಲೊನ ಸೈಕಲ್ಲು ರಿಪೇರಿಗೆ ಬಂದು ಅಲ್ಲೇ ನಿಂತಿತ್ತು. ಕೂತು ಎಣಿಸಿದ. ಇಬ್ಬರದೂ ಒಂದೇ. ಮೊತ್ಸೆಲಿಸಿ ಚಹಾ ಕುಡಿಯುತ್ತ ಅವನನ್ನೇ ನೋಡುತ್ತಿದ್ದಳು.

"ಆವುಸಿ, ನಿಜ ಹೇಳು. ಇವನಿಗೆ ಬೇರೆ ಏನು ಹಾಕಿಕೊಟ್ಟಿದ್ದೀಯ?"

"ಕಲ್ಲಿಗೆ ದಾರ ಹಿಡೀತೀಯ," ಎಂದಳು ಅವಳು. "ಇದಕ್ಕೆ ಮಾತ್ರ ಬರೀ ಕಣ್ಣು ಹಿಡಿದೆಯಲ್ಲ. ಅದೂ ಹೊಟ್ಟೆಕಿಚ್ಚಿನ ಕಣ್ಣು."

ಅವನಿಗೆ ಕೋಪ ಬಂತು. ಆದರೆ ಕೈ ಜೇಬಿಗೆ ಹೋಯಿತು, ಯಾಕೆಂದರೆ ದಾರ ಅಲ್ಲಿ ಯಾವಾಗಲೂ ಇರುತ್ತಿತ್ತು. ಶೆಡ್ಡಿನ ಮುಂದಿನ ಗಟ್ಟಿ ನೆಲದಲ್ಲಿ ಸೆಲ್ಲೊನ ಸೈಕಲ್ಲನ್ನು ನಿಲ್ಲಿಸಿ, ಎಲ್ಲಕ್ಕಿಂತ ಹಗುರದ ಚಕ್ರಕ್ಕೆ ಚೈನು ಹಾಕಿ, ಪೆಡಲನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿ, ಸೈಕಲ್ಲು ಹೊರಟಲ್ಲಿ ಒಂದು ಗೆರೆ, ನಿಂತಲ್ಲಿ ಒಂದು ಗೆರೆ ಎಳೆದ. ಪಕ್ಕದಲ್ಲೇ ತನ್ನದನ್ನೂ ಹಾಗೆಯೇ ಓಡಿಸಿದ. ತನ್ನದು ಒಂದು ಗೇಣು ಮುಂದೆ ಹೋಗಿ ನಿಂತಿತು. ತಪ್ಪಿರಬೇಕೆಂದು ಇನ್ನೊಮ್ಮೆ ಮಾಡಿದ. ಅಷ್ಟೇ ಬಂತು. ಆಮೇಲೆ ಎರಡು ಸೈಕಲ್ಲುಗಳ ಗಾಲಿಗಳನ್ನು ಒಂದರ ಪಕ್ಕ ಒಂದು ನೋಡಿದ. ಸೆಲ್ಲೊನ ಗಾಲಿ ಅವನ ಗಾಲಿಗಿಂತ ನಾಲ್ಕು ಬೆರಳು ಗಿಡ್ಡವಿತ್ತು. ಕಣಿವೆಯಲ್ಲಿ ಎಲ್ಲರೂ ಅದನ್ನು ದಿನಾ ನೋಡಿದ್ದರು. ಸಣ್ಣ ಗಾಲಿ ಒಂದು ಸುತ್ತಿಗೆ ಕಡಿಮೆ ದೂರ ಹೋಗುತ್ತದೆ, ಅದನ್ನು ಸರಿದೂಗಿಸಲು ಮೊತ್ಸೆಲಿಸಿ ಹಲ್ಲು ಹೆಚ್ಚು ಕೊಟ್ಟಿದ್ದಳು ಎನ್ನುವುದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ಅಂಕಿಯನ್ನು ಓದಿದ್ದರು.

ಅಲ್ಲೇ ಕೂತು ಮೂವತ್ತನಾಲ್ಕನ್ನು ಬಿಚ್ಚಿ, ಶೆಡ್ಡಿನಲ್ಲಿದ್ದ ಮೂವತ್ತೊಂದನ್ನು ಬಿಟ್ಟು ಮೂವತ್ತರದನ್ನು ಹಾಕಿ, ಚೈನು ಗಿಡ್ಡ ಮಾಡಿ ಮೂರನೆಯ ಗೆರೆ ಎಳೆದ. ಸೆಲ್ಲೊನ ಗೆರೆಗೂ ಅದಕ್ಕೂ ಎರಡು ಬೆರಳಿನ ಅಂತರ. ಅಂದರೆ ಒಂದು ವರ್ಷ ಅವನು ಹೊಟ್ಟೆ ಉರಿದುಕೊಂಡದ್ದು ಎರಡು ಬೆರಳಿಗೆ.

ಹಗುರವಾಗಬೇಕಿತ್ತು. ಮೊತ್ಸೆಲಿಸಿಯೂ ಹಾಗೆಂದುಕೊಂಡು ಚಹಾ ಕೊಟ್ಟಳು. ಆದರೆ ಚಹಾ ಮುಗಿಯುವಷ್ಟರಲ್ಲಿ ಅವನಿಗೆ ಇನ್ನೊಂದು ಯೋಚನೆ ಬಂದಿತ್ತು. ಇಬ್ಬರೂ ತುಳಿಯುವುದು ಒಂದೇ ಭಾರವನ್ನಾದರೆ, ಹೋದ ಸೆಪ್ಟೆಂಬರಿನಲ್ಲಿ ಸೆಲ್ಲೊ ಗೆದ್ದದ್ದು ಹಲ್ಲಿನಿಂದಲ್ಲ. ಮಾವ ಅವನನ್ನು ಇಷ್ಟಪಟ್ಟದ್ದೂ ಹಲ್ಲಿನಿಂದಲ್ಲ. ಅದಕ್ಕೆ ಅಂಗಡಿಯಲ್ಲಿ ತರುವ ಸಾಮಾನು ಯಾವುದೂ ಇರಲಿಲ್ಲ.

ಪಂದ್ಯದ ದಿನ ಕಣಿವೆಯ ತುಂಬ ಪೀಚ್ ಹೂವಿನ ಗುಲಾಬಿ ಬಣ್ಣ. ಮುಖ್ಯಸ್ಥರ ಅಂಗಳದಲ್ಲಿ ಸಾಲಾಗಿ ನಿಂತಾಗ ಯಾರೋ ಮಸುಫನ ಚೈನ್‌ವೀಲನ್ನು ನೋಡಿ, ನಾಲ್ಕು ಹಲ್ಲು ಎಲ್ಲಿ ಬಿದ್ದವು ಅಬುತಿ ಎಂದು ಕೇಳಿದರು. ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು, ಪಂದ್ಯ ಹೊರಟಿತು.

ಅವತ್ತು ಅವನ ಕಾಲುಗಳು ಹೇಳಿದ ಮಾತು ಕೇಳುತ್ತಿದ್ದವು. ಚಳಿಗಾಲದಲ್ಲಿ ಭಾರದ ಚಕ್ರ ತುಳಿದದ್ದು ಒಳಗೆಲ್ಲೋ ಉಳಿದಿತ್ತೇನೋ. ಮೊದಲ ತಿರುವಿನಲ್ಲಿ ಮುಂದೆ ಆರೇಳು ಜನ, ಎರಡನೆಯದರಲ್ಲಿ ಸೆಲ್ಲೊ ಒಬ್ಬನೇ. ಕತ್ತಾಳೆ ತಿರುವಿಗೆ ಸ್ವಲ್ಪ ಮೊದಲು ಅವನನ್ನೂ ದಾಟಿದ. ದಾಟುವಾಗ ಸೆಲ್ಲೊನ ಉಸಿರು ಕೇಳಿಸಿತು; ಅದು ತನ್ನ ಉಸಿರಿಗಿಂತ ಹೆಚ್ಚು ಏದುತ್ತಿತ್ತು. ಮೂರನೆಯ ಕಂಬಳಿ ಈಗ ಮೇಲೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು.

ತಿರುವಿನಲ್ಲಿ ಕಣಿವೆಯ ಅರ್ಧದಷ್ಟು ಜನ ಸೇರಿದ್ದರು. ಅವರ ಮುಂದೆ ಮಾವ, ಕುದುರೆಯ ಲಗಾಮು ಹಿಡಿದು. ಮಸುಫ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ದುಮೆಲಾ ನ್ತಾತೆ. ಹೇಗೆ ಎದ್ದಿರಿ?"

"ದುಮೆಲಾ. ಎದ್ದೆ," ಎಂದರು ಮಾವ.

ಅಷ್ಟೇ. ಅವನು ಹಾದುಹೋದ. ಆಗಲೇ ಹಿಂದಿನಿಂದ ಸೆಲ್ಲೊನ ದುಮೆಲಾ ಕೇಳಿಸಿತು. ಅದರ ಬೆನ್ನಿಗೆ ಮುದುಕರ ಧ್ವನಿ, ಬೇರೆಯದೇ ಧ್ವನಿ.

"ದುಮೆಲಾ ಮಗನೇ. ಹೇಗೆ ಎದ್ದೆ?"

ಮಸುಫ ಆಮೇಲೆ ಎಷ್ಟೋ ಸಲ ಇದನ್ನು ಯೋಚಿಸಿದ್ದಾನೆ. ಆ ಗಳಿಗೆಯಲ್ಲಿ ಅವನಿಗೆ ಪಶ್ಚಾತ್ತಾಪವಾಯಿತೆಂದು ಜನ ಹೇಳುತ್ತಾರೆ. ಆಗಿರಲಿಲ್ಲ. ಆದದ್ದು ಕಿಚ್ಚು. ತನ್ನ ತಟ್ಟೆಯದನ್ನು ಎತ್ತಿ ಪಕ್ಕದ ತಟ್ಟೆಗೆ ಹಾಕಿದಂತೆ ಅನಿಸಿತು. ಕೈ ತಾನಾಗಿ ಬ್ರೇಕ್ ಹಿಡಿಯಿತು. ಸೈಕಲ್ಲನ್ನು ತಿರುಗಿಸಿ ಇಳಿಜಾರಿನಲ್ಲಿ ಕೆಳಗೆ ಬಂದ. ಎದುರು ಏರಿ ಬರುತ್ತಿದ್ದ ಸೆಲ್ಲೊ ಅವನನ್ನು ನೋಡಿ ಗಾಬರಿಯಿಂದ ದಾರಿಯ ಅಂಚಿಗೆ ಸರಿದ. ಮಸುಫ ಮಾವನ ಮುಂದೆ ಇಳಿದು, ಸೈಕಲ್ಲನ್ನು ಕತ್ತಾಳೆಗೆ ಒರಗಿಸಿ, ಹೆಲ್ಮೆಟ್ಟು ತೆಗೆದು, ಎರಡೂ ಕೈ ಚಾಚಿ ಅವರ ಕೈ ಹಿಡಿದುಕೊಂಡ.

"ದುಮೆಲಾ ನ್ತಾತೆ. ಹೇಗೆ ಎದ್ದಿರಿ? ಮಂಡಿ ಹೇಗಿದೆ? ಕುರಿಗಳು ಹೇಗಿವೆ? ಕುದುರೆ ನೀರು ಕುಡೀತಾ ಇದೆಯಾ? ಆವತ್ತು ನೀವು ಕೇಳಿದಿರಿ, ನನ್ನ ಬಾಯಲ್ಲಿ ಉಸಿರಿರಲಿಲ್ಲ. ಇವತ್ತು ಇದೆ. ನಾನು ಚೆನ್ನಾಗಿ ಎದ್ದೆ ನ್ತಾತೆ. ನಿಮ್ಮ ಮಗಳೂ ಚೆನ್ನಾಗಿ ಎದ್ದಳು. ತುಮೆಲೊ ಕೆಮ್ಮುತ್ತಿದ್ದಾಳೆ."

ಮೂರನೆಯವನು ಪಕ್ಕದಲ್ಲಿ ಹಾದುಹೋದ, ಬೆನ್ನಿಗೇ ನಾಲ್ಕನೆಯವನು. ಮುದುಕರು ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ತಲೆ ಕೆಟ್ಟಿದೆಯೇನೋ ನಿನಗೆ? ಮುಂದೆ ಇದ್ದೆಯಲ್ಲೋ."

"ಇದ್ದೆ."

"ಪಂದ್ಯದಲ್ಲಿ ಯಾವ ಕುದುರೆಯಾದರೂ ನಿಂತು ಹುಲ್ಲು ಕೇಳುತ್ತಾ?"

ಮಸುಫ ಕೈ ಬಿಡಲಿಲ್ಲ. "ನೀವು ಅವನಿಗೆ ಮಗನೇ ಅಂದಿರಿ," ಎಂದ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತೆಂದು ಅವನಿಗೇ ಕೇಳಿಸಿತು. ಮೂವತ್ತೆಂಟು ವರ್ಷದ, ಮಗಳಿರುವ ಗಂಡಸು ಅಷ್ಟು ಜನರ ಮುಂದೆ ಹೇಳುವ ಮಾತಲ್ಲ. ಕುರಿ ಕಾಯುವವನೊಬ್ಬ ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ನಕ್ಕ.

ಮಾವ ನಗಲಿಲ್ಲ. ಕೈ ಬಿಡಿಸಿಕೊಂಡು, ಲಗಾಮನ್ನು ಕುದುರೆಯ ಕತ್ತಿನ ಮೇಲೆ ಹಾಕಿ, ಕಲ್ಲೊಂದರ ಮೇಲೆ ಕಾಲಿಟ್ಟು ನರಳುತ್ತ ಹತ್ತಿ ಕೂತರು.

"ಹತ್ತು ಮಗನೇ," ಎಂದರು. "ಮೇಲಕ್ಕೆ ಹೋಗೋಣ. ನಿನ್ನನ್ನೊಬ್ಬನೇ ಬಿಟ್ಟರೆ ಇನ್ನೂ ಯಾರ ಹತ್ತಿರ ನಿಂತು ಮಾತಾಡ್ತೀಯೋ."

ಆ ಏರಿನಲ್ಲಿ ಮುದಿ ಕುದುರೆಯ ನಡಿಗೆ ಎಷ್ಟೋ, ಮೂವತ್ತು ಹಲ್ಲಿನ ಸೈಕಲ್ಲಿನ ನಡಿಗೆಯೂ ಹೆಚ್ಚುಕಡಿಮೆ ಅಷ್ಟೇ. ಇಬ್ಬರೂ ಪಕ್ಕಪಕ್ಕದಲ್ಲಿ ಹೋದರು. ಮಾವ ತುಮೆಲೊಳ ಕೆಮ್ಮಿಗೆ ಯಾವ ಸೊಪ್ಪು ಕುದಿಸಬೇಕೆಂದು ಹೇಳಿದರು. ಲಾಯದ ಒಂದು ಗೋಡೆ ಕುಸಿಯುತ್ತಿದೆ, ಕಲ್ಲು ಬೇಕು ಎಂದರು. ತಾವು ಪ್ರಾಯದಲ್ಲಿ ಒಂದು ಪಂದ್ಯ ಸೋತದ್ದನ್ನು, ಯಾರಿಗೂ ಹೇಳಿರದಿದ್ದನ್ನು, ಹೇಳಿದರು. ಮಸುಫ ಎಲ್ಲದಕ್ಕೂ ಬಿಡಿಬಿಡಿಯಾಗಿ ಉತ್ತರ ಕೊಟ್ಟ. ಹಿಂದಿನವರು ಒಬ್ಬೊಬ್ಬರಾಗಿ ಅವರನ್ನು ದಾಟಿ, ಪ್ರತಿಯೊಬ್ಬರೂ ದುಮೆಲಾ ಹೇಳಿ ಹೋದರು.

ತುದಿ ಮುಟ್ಟುವಷ್ಟರಲ್ಲಿ ಕಂಬಳಿ ಸೆಲ್ಲೊನ ಹೆಗಲ ಮೇಲಿತ್ತು. ಅವನು ಓಡಿ ಬಂದು ಕುದುರೆಯ ಲಗಾಮು ಹಿಡಿದು ಮುದುಕರನ್ನು ಇಳಿಸಿದ.

"ದಾರಿಯುದ್ದಕ್ಕೂ ಏನು ಮಾತಾಡ್ತಾ ಬಂದಿರಿ ನ್ತಾತೆ? ದೂರದಿಂದ ಕಾಣ್ತಾ ಇತ್ತು."

"ಮನೆ ವಿಷಯ," ಎಂದರು ಮಾವ.

ಸೆಲ್ಲೊ ಹೌದೇ ಎಂದು ನಕ್ಕ. ನಕ್ಕ ಮೇಲೆ ಅವನ ಕಣ್ಣು ಮುದುಕರಿಂದ ಮಸುಫನಿಗೆ, ಮಸುಫನಿಂದ ಮತ್ತೆ ಮುದುಕರಿಗೆ ಹೋಯಿತು. ಹೊಸ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. ಆ ನೋಟ ಎಲ್ಲಿಂದ ಬರುತ್ತದೆಂದು ಕಣಿವೆಯಲ್ಲಿ ಮಸುಫನಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ. ಅವನಿಗೆ ಸಂತೋಷವಾಯಿತು. ಅದು ಒಳ್ಳೆಯ ಸಂತೋಷವಲ್ಲವೆಂದು ಅವನಿಗೆ ಗೊತ್ತಾಯಿತು. ಆದರೂ ಸಂತೋಷವೇ.

ಭಾನುವಾರ ಮಾವ ಊಟಕ್ಕೆ ಬಂದರು. ಮಾತುಮೆಲೊ ಗಂಡನನ್ನು ಕೇಳದೆ ಸೆಲ್ಲೊನನ್ನೂ ಕರೆದಿದ್ದಳು. ಅವನ ಅಜ್ಜಿಗೆ ಹುಷಾರಿಲ್ಲ, ಅಡುಗೆ ಮಾಡುವವರಿಲ್ಲ ಎಂದು ಅವಳ ಸಮಜಾಯಿಷಿ. ಸೆಲ್ಲೊ ಮುಖ ತೊಳೆದುಕೊಂಡು ಬಂದಿದ್ದ, ಹುಬ್ಬಿನಲ್ಲಿ ಹಿಟ್ಟಿರಲಿಲ್ಲ. ಅವನು ಸಂಕೋಚದಿಂದ ಒಳಗೆ ಬಂದು ಮುದುಕರ ಪಕ್ಕದ ಚಾಪೆಯ ಮೇಲೆ ಕೂತ. ಮಸುಫ ಅವನಿಗೆ ದುಮೆಲಾ ಹೇಳಿದ, ಹೇಗೆ ಎದ್ದೆ ಎಂದು ಕೇಳಿದ, ಅಜ್ಜಿಯ ವಿಷಯ ವಿಚಾರಿಸಿದ. ತಟ್ಟೆಗಳನ್ನೂ ತಾನೇ ತಂದಿಟ್ಟ. ಬಡಿಸುವ ಮೊದಲು, ಸ್ವಲ್ಪ ಆಚೆ ಸರಿ ತಮ್ಮ ಎಂದು ಹೇಳಿ, ಇಬ್ಬರ ನಡುವೆ ಬಂದು ಕೂತ.